ಒಂದೇ ಬ್ಯಾಗಿನಲ್ಲಿ ಎರಡು ಪುಸ್ತಕ: ಕಾರ್ಪೊರೇಟರ್, ಮಕ್ಕಳು ಮತ್ತು ಓಟರ್ ಲಿಸ್ಟ್

ನಮ್ಮ ಬೀದಿಯ ಅಂಗನವಾಡಿ ಟೀಚರ್ ಬ್ಯಾಗಿನಲ್ಲಿ ಯಾವಾಗಲೂ ಎರಡು ಪುಸ್ತಕ ಇರುತ್ತವೆ. ಒಂದರಲ್ಲಿ ಆರು ವರ್ಷದೊಳಗಿನ ಮಕ್ಕಳ ಹೆಸರು, ತೂಕ, ಚುಚ್ಚುಮದ್ದು ಹಾಕಿಸಿದ ದಿನ, ಬೀದಿಯ ಬಸುರಿ ಬಾಣಂತಿಯರ ವಿವರ. ಇನ್ನೊಂದು ಓಟರ್ ಲಿಸ್ಟ್. ಯಾಕೆಂದರೆ ನಮ್ಮ ಬೂತಿನ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅವರೇ. ಎರಡೂ ಕೆಲಸ ಈಗ ಮೊಬೈಲ್ ಆ್ಯಪಿಗೆ ಬಂದಿದೆ, ಆದರೂ ಅವರು ಪುಸ್ತಕ ಬಿಟ್ಟಿಲ್ಲ. ಒಂದು ಮನೆಯ ಬಾಗಿಲು ತಟ್ಟಿದರೆ ಎರಡು ಪ್ರಶ್ನೆ ಕೇಳಿಯೇ ಮುಂದಕ್ಕೆ ಹೋಗುವುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಹದಿನೆಂಟು ತುಂಬಿದವರು ಯಾರಾದರೂ ಇದ್ದಾರಾ?

ಕಾರ್ಪೊರೇಟರ್ ಅಂದರೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಬ್ಯಾಗು. ಚರಂಡಿ, ಬೀದಿ ದೀಪ, ಕಸದ ಗಾಡಿ ಎಲ್ಲರಿಗೂ ಗೊತ್ತು, ಅದಕ್ಕೇ ಜನ ಫೋನ್ ಮಾಡುವುದು. ಆದರೆ ವಾರ್ಡಿನ ಮಕ್ಕಳು ಹೇಗಿದ್ದಾರೆ, ವಾರ್ಡಿನ ಜನಕ್ಕೆ ಓಟು ಹಾಕಲು ಆಗುತ್ತಿದೆಯಾ, ಈ ಎರಡು ವಿಷಯದಲ್ಲಿ ಕಾರ್ಪೊರೇಟರ್ ಮಾಡಬಹುದಾದದ್ದು ಬಹಳ ಇದೆ. ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ. ನೋಡಲು ಬೇರೆ ಬೇರೆ ವಿಷಯ. ಒಳಗೆ ಹೋಗಿ ನೋಡಿದರೆ ಎರಡೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಹೆಸರು ಪಟ್ಟಿಯಲ್ಲಿದೆಯಾ, ಇಲ್ಲವಾ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಜೊತೆ 12ನೇ ಅನುಸೂಚಿ ಅಂತ ಒಂದು ಪಟ್ಟಿ ಬಂತು, ನಗರಸಭೆ, ಪಾಲಿಕೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ. ರಸ್ತೆ, ನೀರು, ಕಸ ಇದ್ದೇ ಇವೆ. ಅವುಗಳ ನಡುವೆಯೇ ಸಾರ್ವಜನಿಕ ಆರೋಗ್ಯ, ಕೊಳೆಗೇರಿಗಳ ಸುಧಾರಣೆ, ಆಟದ ಮೈದಾನ, ದುರ್ಬಲರ ಹಿತ ಕಾಯುವುದು, ಮತ್ತೆ ಜನನ ಮರಣದ ಲೆಕ್ಕ ಇಡುವುದು ಕೂಡ ಇವೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಅದು ಮುಂದೆ ಮತ್ತೆ ಬರುತ್ತದೆ.

ಅಂಗನವಾಡಿ ಮಾತ್ರ ಪಾಲಿಕೆಯ ಕೈಯಲ್ಲಿಲ್ಲ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇವತ್ತು ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲೇ ಬಿಸಿಯೂಟ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಂಡೊಯ್ಯುವ ಆಹಾರ, ಬಸುರಿ ಬಾಣಂತಿಯರಿಗೆ ಪೌಷ್ಟಿಕ ಆಹಾರ ಸಿಗುತ್ತದೆ. ಇದು ಸರ್ಕಾರ ದಯೆಯಿಂದ ಕೊಡುವ ಊಟ ಅಲ್ಲ. 2013ರ ಆಹಾರ ಭದ್ರತೆ ಕಾಯ್ದೆಯ ಪ್ರಕಾರ ಅದು ಆ ಮಗುವಿನ ಹಕ್ಕು.

ಹಾಗಾದರೆ ಇಲಾಖೆಯ ಅಂಗನವಾಡಿಗೆ ಕಾರ್ಪೊರೇಟರ್ ಏನು ಮಾಡಲು ಸಾಧ್ಯ? ಜಾಗ. ನಗರದಲ್ಲಿ ಅಂಗನವಾಡಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಜಾಗದ್ದೇ. ಹಳ್ಳಿಯಲ್ಲಾದರೆ ಪಂಚಾಯಿತಿ ಜಾಗ, ಶಾಲೆಯ ಆವರಣ ಅಂತ ಏನಾದರೂ ಸಿಗುತ್ತದೆ. ನಗರದಲ್ಲಿ ಎಷ್ಟೋ ಅಂಗನವಾಡಿಗಳು ಹತ್ತಡಿ ಹತ್ತಡಿಯ ಬಾಡಿಗೆ ಕೋಣೆಯಲ್ಲಿ ನಡೆಯುತ್ತವೆ. ಒಂದೇ ಕೋಣೆಯಲ್ಲಿ ಅಡುಗೆ, ಆಟ, ಪಾಠ, ದಿನಸಿ ಮೂಟೆ. ಮನೆ ಮಾಲೀಕರಿಗೆ ಜಾಸ್ತಿ ಬಾಡಿಗೆ ಕೊಡುವವರು ಸಿಕ್ಕರೆ ಅಂಗನವಾಡಿ ಖಾಲಿ ಮಾಡಬೇಕು, ಮುಂದಿನ ಕೋಣೆ ಎರಡು ಬೀದಿ ಆಚೆ ಸಿಗುತ್ತದೆ, ಅಷ್ಟು ದೂರ ಮೂರು ವರ್ಷದ ಮಗುವನ್ನು ಕರೆದುಕೊಂಡು ಹೋಗಿ ಬಿಟ್ಟು ಬರಲು ಮನೆಗೆಲಸಕ್ಕೆ ಹೋಗುವ ತಾಯಿಗೆ ಬೆಳಿಗ್ಗೆ ಪುರುಸೊತ್ತು ಎಲ್ಲಿಂದ ಬರಬೇಕು? ಮಗು ಬರುವುದು ನಿಂತು ಹೋಗುತ್ತದೆ. ಪಾಲಿಕೆಯ ಸಮುದಾಯ ಭವನ, ಮಕ್ಕಳಿಲ್ಲದೆ ಬೀಗ ಹಾಕಿದ ಶಾಲೆಯ ಕೋಣೆ, ಬಳಕೆಯಾಗದೆ ಬಿದ್ದ ಸಣ್ಣ ಸೈಟು ಎಲ್ಲಿದೆ ಅಂತ ಕಾರ್ಪೊರೇಟರ್‌ಗೆ ಗೊತ್ತಿರುತ್ತದೆ. ಅದನ್ನು ಅಂಗನವಾಡಿಗೆ ಕೊಡಿಸುವುದು ಅವರು ಮಕ್ಕಳಿಗಾಗಿ ಮಾಡಬಹುದಾದ ಕೆಲಸಗಳಲ್ಲೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಬರದಿದ್ದರೂ ಸರಿ.

ಇನ್ನು ಪಾಲಿಕೆ ನೇರವಾಗಿ ನಡೆಸುವುದು ಕೂಡ ಕಡಿಮೆ ಏನಿಲ್ಲ. ಬೆಂಗಳೂರಲ್ಲಿ ಹೆರಿಗೆ ಆಸ್ಪತ್ರೆಗಳು, ಶಿಶುವಿಹಾರಗಳು, ಶಾಲೆಗಳು, ಕಾಲೇಜುಗಳು ಪಾಲಿಕೆಯವೇ ಇವೆ. ಚುನಾಯಿತ ಕೌನ್ಸಿಲ್ ಇದ್ದಾಗ ಶಿಕ್ಷಣಕ್ಕೆ, ಆರೋಗ್ಯಕ್ಕೆ ಅಂತಲೇ ಸ್ಥಾಯಿ ಸಮಿತಿಗಳಿದ್ದವು. ಕಾರ್ಪೊರೇಟರ್ ಅಲ್ಲಿ ಕೂತು ಈ ಶಾಲೆಗೆ ಯಾಕೆ ಟೀಚರ್ ಇಲ್ಲ, ಈ ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಯಾಕೆ ಡಾಕ್ಟರ್ ಇಲ್ಲ ಅಂತ ಕೇಳಬಹುದಿತ್ತು, ಅಧಿಕಾರಿ ಉತ್ತರ ಕೊಡಬೇಕಿತ್ತು.

ಅದಕ್ಕಿಂತ ಮುಖ್ಯವಾದ, ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಜವಾಬ್ದಾರಿ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಓದಿ. ತನ್ನ ವ್ಯಾಪ್ತಿಯಲ್ಲಿ ವಾಸ ಮಾಡುವ, 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕಾದದ್ದು ಸ್ಥಳೀಯ ಸಂಸ್ಥೆ ಅಂತ ಅಲ್ಲಿದೆ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದೂ ಅದರದ್ದೇ ಹೊಣೆ ಅಂತ ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದು ಕಟ್ಟಡ ಕೆಲಸದ ಶೆಡ್ಡಿನಲ್ಲಿ ಇರುವವರ ಮಗು ಆ ವಾರ್ಡಿನ ಮಗು. ಅವರು ಆರು ತಿಂಗಳು ಇದ್ದು ಹೋಗುತ್ತಾರೆ ಬಿಡಿ, ಅಂತ ಕೈ ತೊಳೆದುಕೊಳ್ಳಲು ಕಾನೂನು ಬಿಡುವುದಿಲ್ಲ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು, ಆಮೇಲೆ ಮನೆ ಮನೆ ಸಮೀಕ್ಷೆ ಮಾಡಿ ಅಂತ ಹೇಳಬೇಕಾಯಿತು. ಕೋರ್ಟು ಹೇಳುವವರೆಗೆ ಕಾಯಬೇಕಾಗಿತ್ತಾ ಅಂತ ನನಗೆ ಈಗಲೂ ಬೇಜಾರಾಗುತ್ತದೆ. ಶೆಡ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ವಾರ್ಡಿನಲ್ಲಿ ಓಡಾಡುವವರಿಗೆ ಗೊತ್ತೇ ಇರುತ್ತದೆ, ಅಲ್ವಾ?

ಮಗುವಿಗೆ ಹೊಡೆತ, ದುಡಿತ, ಬಾಲ್ಯವಿವಾಹದಂಥ ಗಂಭೀರ ತೊಂದರೆ ಇದ್ದರೆ ದಾರಿ ಬೇರೆ. ಅಲ್ಲಿ ಕಾರ್ಪೊರೇಟರ್ ಪಂಚಾಯಿತಿ ಮಾಡುವಂತಿಲ್ಲ, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹಾಗೆ ಕರೆದುಕೊಂಡು ಹೋಗಲು ಪೊಲೀಸರೇ ಆಗಬೇಕೆಂದಿಲ್ಲ. ಸಮಾಜದ ಬಗ್ಗೆ ಕಾಳಜಿ ಇರುವ ಯಾರು ಬೇಕಾದರೂ ಕರೆದುಕೊಂಡು ಹೋಗಬಹುದು, ಮಗು ತಾನೇ ಹೋಗಿ ನಿಲ್ಲಬಹುದು.

ಈಗ ಎರಡನೇ ಪುಸ್ತಕ.

ಓಟರ್ ಲಿಸ್ಟಿಗೆ ಹೆಸರು ಸೇರಿಸುವ ಅಧಿಕಾರ ಕಾರ್ಪೊರೇಟರ್‌ಗೆ ಇಲ್ಲ, ತೆಗೆಯುವ ಅಧಿಕಾರವೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ಇವತ್ತಿಗೂ ಅವರ ಮನೆ ಮುಂದೆ ಕ್ಯೂ ನಿಲ್ಲುತ್ತಾರೆ. ತೀರ್ಮಾನ ಮಾಡುವುದು ಮತದಾರರ ನೋಂದಣಾಧಿಕಾರಿ, ಮನೆಗೆ ಬಂದು ನೋಡುವುದು ಬಿಎಲ್‌ಒ. ಹೊಸದಾಗಿ ಸೇರಲು ಫಾರಂ 6. ಯಾರದ್ದಾದರೂ ಹೆಸರು ತೆಗೆಯಲು ಫಾರಂ 7. ಮನೆ ಬದಲಾದರೆ, ಹೆಸರಿನ ಕಾಗುಣಿತ ತಪ್ಪಾಗಿದ್ದರೆ ಫಾರಂ 8. ಹದಿನೆಂಟು ತುಂಬಿದೆಯಾ ಅಂತ ನೋಡಲು ಮೊದಲು ವರ್ಷಕ್ಕೆ ಒಂದೇ ದಿನ, ಜನವರಿ 1, ಲೆಕ್ಕಕ್ಕೆ ಬರುತ್ತಿತ್ತು. ಜನವರಿ 2ಕ್ಕೆ ಹದಿನೆಂಟು ತುಂಬಿದ ಹುಡುಗಿ ಮುಂದಿನ ವರ್ಷದವರೆಗೆ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ನಾಲ್ಕು ದಿನ ಇವೆ. ಹದಿನೇಳು ತುಂಬಿದವರು ಮುಂಚೆಯೇ ಅರ್ಜಿ ಕೊಟ್ಟಿಡಬಹುದು. ಪಿಯು ಕಾಲೇಜಿಗೆ ಹೋಗಿ ಇದನ್ನು ಹೇಳುವುದಕ್ಕೆ ಒಂದು ಮಧ್ಯಾಹ್ನ ಸಾಕು. ಕಾರ್ಪೊರೇಟರ್ ಒಬ್ಬರು ಬಿಎಲ್‌ಒಗಳನ್ನು ಜೊತೆಗೆ ಕರೆದುಕೊಂಡು ವರ್ಷಕ್ಕೆರಡು ಸಲ ತಮ್ಮ ವಾರ್ಡಿನ ಕಾಲೇಜಿಗೆ ಹೋದರೆ ಎಷ್ಟು ಹೆಸರು ಸೇರಬಹುದು ಯೋಚಿಸಿ.

ಬಾಡಿಗೆ ಮನೆಯವರ ಕಥೆ ಬೇರೆಯೇ. ನಾನು ಹನ್ನೊಂದು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದೇನೆ. ಒಂದು ಚುನಾವಣೆಯಲ್ಲಿ ಹಳೆಯ ಮನೆಯ ಬೂತಿಗೆ ಹೋದರೆ ಹೆಸರು ಇರಲಿಲ್ಲ, ಹೊಸ ಮನೆಯ ಬೂತಿನಲ್ಲೂ ಇರಲಿಲ್ಲ. ಕೈಯಲ್ಲಿ ಓಟರ್ ಐಡಿ ಇದೆ, ಓಟು ಇಲ್ಲ. ಆ ದಿನ ವಾಪಸ್ ನಡೆದುಕೊಂಡು ಬಂದದ್ದು ಮರೆತಿಲ್ಲ. ಕಾರ್ಡು ಇದ್ದರೆ ಸಾಕು ಅಂತ ಅಂದುಕೊಂಡಿದ್ದೆ. ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದೇ ಇಲ್ಲ. ಮನೆ ಬಿಟ್ಟು ಹೋಗಿದ್ದಾರೆ ಅಂತ ಒಬ್ಬರ ಹೆಸರು ತೆಗೆಯುವ ಮುಂಚೆ ಅವರಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕು ಅಂತ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಆದರೆ ನೋಟಿಸು ಹೋಗುವುದು ಹಳೆಯ ವಿಳಾಸಕ್ಕೆ!

ವಿಳಾಸದ ದಾಖಲೆ ಇಲ್ಲ, ಹಾಗಾಗಿ ಓಟು ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಅದು ತಪ್ಪು. ಕರೆಂಟ್ ಬಿಲ್ಲು, ಬಾಡಿಗೆ ಕರಾರು ಇಲ್ಲದಿದ್ದರೂ ಬಿಎಲ್‌ಒ ಸ್ಥಳಕ್ಕೆ ಬಂದು ನೋಡಿ ವರದಿ ಕೊಟ್ಟರೆ ಹೆಸರು ಸೇರಿಸಬಹುದು. ಮನೆಯೇ ಇಲ್ಲದವರಿಗೂ ಓಟಿದೆ. ಅವರು ಎಲ್ಲಿ ಮಲಗುತ್ತೇವೆ ಅಂತ ಬರೆದಿರುತ್ತಾರೋ ಅಲ್ಲಿಗೆ ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು ಅಂತ ಚುನಾವಣಾ ಆಯೋಗದ್ದೇ ಸೂಚನೆ ಇದೆ. ಫ್ಲೈಓವರ್ ಕೆಳಗೆ ರಾತ್ರಿ ಒಬ್ಬರೇ ಹೋಗುವುದು ಒಬ್ಬ ಹೆಂಗಸಿಗೆ ಸುಲಭವಾ? ಆ ಹೊತ್ತಿಗೆ ವಾರ್ಡ್ ಸಮಿತಿಯ, ಅಂದರೆ ವಾರ್ಡಿನ ಕೆಲಸ ನೋಡುವ ಸ್ಥಳೀಯರ ಸಮಿತಿಯ, ಒಬ್ಬಿಬ್ಬರು ಜೊತೆಗೆ ನಿಂತರೆ ಕೆಲಸ ಆಗುತ್ತದೆ.

ಹೆಸರು ಸೇರಿಸುವುದರಷ್ಟೇ ಹೆಸರು ಕಾಯುವುದೂ ಕೆಲಸ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲನೆ ಮಾಡಿದಾಗ ಸರಿಯಾಗಿದ್ದದ್ದು 24 ಮಾತ್ರ. ಪೊಲೀಸ್ ಪ್ರಕರಣ ದಾಖಲಾಯಿತು. ಇಂಥದ್ದು ಗೊತ್ತಾಗುವುದು ಕಂಪ್ಯೂಟರಿನ ಮುಂದೆ ಕೂತವರಿಗೆ ಅಲ್ಲ, ಈ ಮನುಷ್ಯ ಇಲ್ಲೇ ಇದ್ದಾರಲ್ಲ ಅಂತ ಹೇಳಬಲ್ಲ ಸ್ಥಳೀಯರಿಗೆ. ಬೆಂಗಳೂರಲ್ಲೂ 2022ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಅಂತ ಹೇಳಿಕೊಂಡು ಮನೆ ಮನೆಯಲ್ಲಿ ಮತದಾರರ ಮಾಹಿತಿ ಪಡೆದರು ಅನ್ನುವ ಆರೋಪ ದೊಡ್ಡ ಸುದ್ದಿಯಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಆಯೋಗ ಆದೇಶ ಮಾಡಿತು. ತಮ್ಮ ನಿಜವಾದ ಬಿಎಲ್‌ಒ ಯಾರು ಅಂತ ಜನಕ್ಕೆ ಗೊತ್ತಿದ್ದರೆ ಸುಳ್ಳು ಬಿಎಲ್‌ಒಗೆ ಯಾರೂ ಬಾಗಿಲು ತೆಗೆಯುವುದಿಲ್ಲ. ಪ್ರತಿ ಬೀದಿಯಲ್ಲಿ ಆ ಹೆಸರು ಗೊತ್ತಾಗುವ ಹಾಗೆ ಮಾಡುವುದು ಕಾರ್ಪೊರೇಟರ್‌ಗೆ ದೊಡ್ಡ ಖರ್ಚಿನ ಕೆಲಸ ಏನಲ್ಲ.

ಬೆಂಗಳೂರಿನವರು ಓಟು ಹಾಕುವುದಿಲ್ಲ ಅನ್ನುವ ಮಾತು ಪ್ರತಿ ಚುನಾವಣೆಗೂ ಬರುತ್ತದೆ. 2023ರಲ್ಲಿ ಇಡೀ ರಾಜ್ಯದಲ್ಲಿ ನೂರಕ್ಕೆ 73 ಜನ ಓಟು ಹಾಕಿದರೆ ಬೆಂಗಳೂರಲ್ಲಿ ಅದು 55ರ ಆಸುಪಾಸಿನಲ್ಲೇ ನಿಂತಿತು. ಸೋಮಾರಿಗಳು ಇರಬಹುದು. ಆದರೆ ಮನೆ ಬಿಟ್ಟು ಹೋದವರು, ತೀರಿಕೊಂಡವರು, ಎರಡು ಕಡೆ ಹೆಸರಿರುವವರು ಪಟ್ಟಿಯಲ್ಲಿ ಹಾಗೇ ಉಳಿದಿದ್ದರೆ ಲೆಕ್ಕವೇ ತಪ್ಪುತ್ತದೆ. ನಾನು ಮೂರನೇ ಮನೆಯಲ್ಲಿದ್ದಾಗ ಹಿಂದಿನ ಬಾಡಿಗೆದಾರರ ಹೆಸರಿನ ಮತದಾರರ ಚೀಟಿ ನಮ್ಮ ಬಾಗಿಲಿಗೆ ಬಂದಿತ್ತು. ಲೆಕ್ಕದಲ್ಲಿ ಅವರು ಓಟು ಹಾಕದ ಸೋಮಾರಿಗಳು. ನಿಜದಲ್ಲಿ ಅವರು ಹುಬ್ಬಳ್ಳಿಗೆ ವಾಪಸ್ ಹೋಗಿ ಎರಡು ವರ್ಷ ಆಗಿತ್ತು.

ಇನ್ನು ಬೂತು. ನಮ್ಮಲ್ಲಿ ಮತಗಟ್ಟೆ ಇರುವುದು ಎಲ್ಲಿ? ಜಾಸ್ತಿ ಸರ್ಕಾರಿ ಶಾಲೆಯಲ್ಲಿ, ಕೆಲವು ಕಡೆ ಅಂಗನವಾಡಿಯಲ್ಲೇ. ಹಾಗಾಗಿ ಶಾಲೆಯ ಬಾಗಿಲಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ದಾರಿ ಮಾಡಿಸಿದರೆ, ನಡೆಯಲು ಆಗದ ಮಗು ವರ್ಷವಿಡೀ ಶಾಲೆಗೆ ಬರುತ್ತದೆ, ಮೊಣಕಾಲು ನೋವಿನ ಅಜ್ಜಿ ಚುನಾವಣೆ ದಿನ ಬಂದು ಓಟು ಹಾಕುತ್ತಾರೆ. ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಕಟ್ಟಿಸಿದರೆ ಕ್ಯೂನಲ್ಲಿ ನಿಂತ ಬಸುರಿಗೂ ಅದೇ ಬೇಕು, ಬೆಳಗಿನಿಂದ ಸಂಜೆಯವರೆಗೆ ಕೂರುವ ಚುನಾವಣೆ ಸಿಬ್ಬಂದಿಗೂ ಅದೇ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ತೀರಾ ವಯಸ್ಸಾದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಓಟು ಹಾಕುವ ಸೌಲಭ್ಯ ಬಂದಿದೆ. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ ಇತ್ತು, 2024ರಿಂದ ವಯಸ್ಸಿನ ಮಿತಿ 85. ಆದರೆ 70ರ ಅಜ್ಜಿ ಬೂತಿಗೇ ಹೋಗಬೇಕು. ಅವರಿಗೆ ಆ ಇಳಿಜಾರು ದಾರಿ ಬೇಕೇ ಬೇಕು.

ಈಗ ಆ ಜನನ ಮರಣದ ಲೆಕ್ಕಕ್ಕೆ ವಾಪಸ್ ಬರೋಣ. ಎರಡು ಪುಸ್ತಕಗಳೂ ಸೇರುವುದು ಇಲ್ಲೇ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಮಾಡಿದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಂದು ಜಾರಿಗೆ ಬಂತು. ಆ ದಿನ ಮತ್ತು ಅದರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನ, ಹುಟ್ಟಿದ ಜಾಗಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಶಾಲೆಗೆ ಸೇರಲು, ಪಾಸ್‌ಪೋರ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಮದುವೆ ನೋಂದಣಿಗೆ ಅದೇ. ಓಟರ್ ಲಿಸ್ಟಿಗೂ ಅದೇ. ಆ ದಿನ ಹುಟ್ಟಿದ ಮಗು 2041ರಲ್ಲಿ ಮತದಾರ ಆಗುತ್ತದೆ. ಇವತ್ತು ಅದರ ಹುಟ್ಟು ನೋಂದಣಿ ಆಗದಿದ್ದರೆ ನಾಳೆ ಶಾಲೆಯ ಬಾಗಿಲಲ್ಲಿ ತೊಂದರೆ, ಹದಿನೆಂಟಕ್ಕೆ ಓಟರ್ ಲಿಸ್ಟಿನಲ್ಲಿ ತೊಂದರೆ.

ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಶೆಡ್ಡಿನಲ್ಲಿ, ಮನೆಯಲ್ಲಿ ಹೆರಿಗೆ ಆದರೆ ಮನೆಯವರು 21 ದಿನದೊಳಗೆ ತಿಳಿಸಬೇಕು. ತಡವಾದಷ್ಟೂ ಸುತ್ತಾಟ ಜಾಸ್ತಿ. 30 ದಿನದವರೆಗೆ ದಂಡ ಕಟ್ಟಿದರೆ ಆಯಿತು, ಅದರ ಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಇನ್ನೊಂದು ಎಡವಟ್ಟು ಹೆಸರಿನದು. ನೋಂದಣಿ ಆಗಿರುತ್ತದೆ, ನಾಮಕರಣ ಆಗಿರುವುದಿಲ್ಲ, ಹೆಸರಿನ ಜಾಗ ಖಾಲಿ. ಒಂದು ವರ್ಷದೊಳಗೆ ಹೋದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಇದು ಗೊತ್ತಿಲ್ಲದೆ ಶಾಲೆಗೆ ಸೇರಿಸುವ ಹೊತ್ತಿಗೆ ಓಡಾಡುವ ತಂದೆ ತಾಯಿ ಎಷ್ಟು ಜನ! ನಗರದಲ್ಲಿ ಈ ನೋಂದಣಿ ಪಾಲಿಕೆಯ ಕೆಲಸ. ಅಂಗನವಾಡಿ ಪುಸ್ತಕದಲ್ಲಿ ಹೊಸ ಬಾಣಂತಿಯ ಹೆಸರು ಬಂದ ದಿನವೇ ನೋಂದಣಿ ಆಯಿತಾ ಅಂತ ಕೇಳುವ ಪದ್ಧತಿಯನ್ನು ಒಬ್ಬ ಕಾರ್ಪೊರೇಟರ್ ತನ್ನ ವಾರ್ಡಿನಲ್ಲಿ ಶುರು ಮಾಡಬಹುದು.

ಆದರೆ ಕಾರ್ಪೊರೇಟರ್ ಇದ್ದರೆ ತಾನೇ? ಬೆಂಗಳೂರಿನ 198 ವಾರ್ಡುಗಳಿಗೆ 2015ರ ಆಗಸ್ಟಿನಲ್ಲಿ ಚುನಾವಣೆ ಆಯಿತು. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಆದರೂ ಐದು ವರ್ಷ ಆಡಳಿತಾಧಿಕಾರಿಗಳೇ ನಗರ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ, ಅಂದರೆ ಇಡೀ ಬೆಂಗಳೂರಿಗೆ ಇದ್ದ ಒಂದೇ ಪಾಲಿಕೆ, ಹೋಗಿ ಐದು ಪಾಲಿಕೆಗಳಾದವು, ಆಗಲೂ ಚುನಾಯಿತ ಸದಸ್ಯರು ಇರಲಿಲ್ಲ. 2020ರಲ್ಲಿ ಹುಟ್ಟಿದ ಮಗು ಅಂಗನವಾಡಿಗೆ ಬಂತು, ಅಂಗನವಾಡಿ ಮುಗಿಸಿತು. ಅಷ್ಟೂ ಕಾಲ ಅದರ ವಾರ್ಡಿಗೆ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಹಳ್ಳಿಗಳಲ್ಲಿ ಇದಕ್ಕಿಂತ ಚೆನ್ನಾಗಿರುವ ಒಂದು ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ, ಮಕ್ಕಳ ಗ್ರಾಮಸಭೆ. ಗ್ರಾಮ ಪಂಚಾಯಿತಿ ಸದಸ್ಯರು, ಅಧಿಕಾರಿಗಳು ಮುಂದೆ ಕೂರುತ್ತಾರೆ, ಓಟಿಲ್ಲದ ಮಕ್ಕಳು ಎದ್ದು ನಿಂತು ಕೇಳುತ್ತಾರೆ. ಶಾಲೆಗೆ ಕಾಂಪೌಂಡ್ ಯಾಕಿಲ್ಲ, ಬಸ್ಸು ಯಾಕೆ ಹೊತ್ತಿಗೆ ಬರುವುದಿಲ್ಲ, ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ? ನಗರದ ಪ್ರತಿ ವಾರ್ಡಿನಲ್ಲೂ ಇಂಥದ್ದು ತಪ್ಪದೆ ನಡೆಯಬೇಕು. ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಸೇರಬೇಕು ಅಂತ ನಿಯಮ ಇದೆ, ಅದರಲ್ಲಿ ವರ್ಷಕ್ಕೆ ಒಂದು ಸಭೆ ಮಕ್ಕಳಿಗೆ ಬಿಟ್ಟುಕೊಡಲು ಯಾವ ಕಷ್ಟವೂ ಇಲ್ಲ.

ಪಾಲಿಕೆ ಚುನಾವಣೆಗೆ ಬಳಸುವುದು ವಿಧಾನಸಭೆಯ ಪಟ್ಟಿಯನ್ನೇ, ವಾರ್ಡಿಗೆ ತಕ್ಕಂತೆ ಹಂಚಿ. ವಾರ್ಡಿನ ಗಡಿ ಹೊಸದಾಗಿ ಎಳೆದಾಗ ಬೀದಿಯ ಎಡಬದಿ ಒಂದು ವಾರ್ಡು, ಬಲಬದಿ ಇನ್ನೊಂದು ಆಗುವುದಿದೆ. ಲೋಕಸಭೆಗೆ ಓಟು ಹಾಕಿದ್ದೇನೆ, ಹೆಸರು ಇದ್ದೇ ಇರುತ್ತದೆ ಅಂತ ಸುಮ್ನೆ ಕೂರಬೇಡಿ. ಕರಡು ಪಟ್ಟಿ ಬಂದ ದಿನ ನಿಮ್ಮ ವಾರ್ಡಿನ ಭಾಗ ತೆರೆದು ನೋಡಿ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೆ ನಿಮ್ಮ ಬಿಎಲ್‌ಒ ಯಾರು ಅಂತ ಕೇಳಿ ತಿಳಿದುಕೊಳ್ಳಬಹುದು. ಓಟು ಕೇಳಲು ಬರುವವರನ್ನು ಎರಡು ಪ್ರಶ್ನೆ ಕೇಳಿ: ಈ ವಾರ್ಡಿನಲ್ಲಿ ಎಷ್ಟು ಅಂಗನವಾಡಿ ಬಾಡಿಗೆ ಕೋಣೆಯಲ್ಲಿವೆ? ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಎಷ್ಟು ಮಕ್ಕಳಿದ್ದಾರೆ?

ಪಟ್ಟಿ ಪರಿಷ್ಕರಣೆಯ ಸಮಯದಲ್ಲಿ ನಮ್ಮ ಟೀಚರ್ ಮಧ್ಯಾಹ್ನದವರೆಗೆ ಮಕ್ಕಳ ಜೊತೆ, ಆಮೇಲೆ ಕತ್ತಲಾಗುವವರೆಗೆ ಮನೆ ಮನೆ ಸುತ್ತುತ್ತಾರೆ. ಬಿಎಲ್‌ಒ ಕೆಲಸಕ್ಕೆ ವರ್ಷಕ್ಕೆ 6,000 ರೂಪಾಯಿ ಗೌರವಧನ ಇತ್ತು, 2025ರಲ್ಲಿ ಅದನ್ನು 12,000 ಮಾಡಿದರು. ತಿಂಗಳಿಗೆ ಸಾವಿರ ರೂಪಾಯಿ. ಎರಡೂ ಕೆಲಸ ಒಬ್ಬರ ಮೇಲೆ ಹೇರುವುದು ಸರಿಯಲ್ಲ, ಮಕ್ಕಳ ಪಾಠಕ್ಕೆ ಅದರಿಂದ ಪೆಟ್ಟು ಬೀಳುತ್ತದೆ ಅಂತ ನಾನು ನಂಬುತ್ತೇನೆ. ಅವರನ್ನು ಕೇಳಿದರೆ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಹೋದ ಸಲ ಬಂದಾಗ ಬಾಗಿಲಲ್ಲಿ ನಿಂತು ನೀರು ಕುಡಿದು, ನಮ್ಮ ಮನೆಯವರ ಹೆಸರುಗಳ ಮುಂದೆ ಟಿಕ್ ಹಾಕಿ, ಮೇಲಿನ ಮಹಡಿಗೆ ಹತ್ತುವ ಮುಂಚೆ ಒಂದೇ ಮಾತು ಹೇಳಿದರು: "ಮನೆ ಖಾಲಿ ಮಾಡುವಾಗ ನನಗೊಂದು ಮಾತು ಹೇಳಿ ಹೋಗಿ, ಎರಡೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು."